ಎರೆಯ ಮತ್ತರು: ದಾನಶಾಸನದ ಹೊಲದಿಂದ ಪಹಣಿಯ ಆಕಾರದವರೆಗೆ

ಶಾಸನ ಓದುವ ನಮ್ಮಲ್ಲಿ ಒಂದು ರೂಢಿ ಬೆಳೆದುಬಿಟ್ಟಿದೆ. ಅರಸನ ಬಿರುದಾವಳಿ, ಶಕವರ್ಷ, ತಿಥಿ-ವಾರ, ದಾನಿಯ ವಂಶ, ದಾನ ಪಡೆದ ಆಚಾರ್ಯರ ಪರಂಪರೆ, ಇಷ್ಟನ್ನು ಅಕ್ಷರ ಬಿಡದೆ ಓದುತ್ತೇವೆ. ಆಮೇಲೆ ಭೂಮಿಯ ವಿವರ ಬಂತು ಅಂದ್ರೆ ಓದು ಸಡಿಲಾಗುತ್ತದೆ. ‘ದೇವರಿಗೆ ಇಂತಿಷ್ಟು ಮತ್ತರು ದಾನ’ ಅಂತ ಒಂದೇ ಸಾಲಿನ ಸಾರಾಂಶ ಬರೆದು, ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪದ ಕಡೆಗೆ ಜಿಗಿದುಬಿಡುತ್ತೇವೆ. ಸೂಚಿಗಳಲ್ಲೂ ಹಾಗೆಯೇ. ಅರಸನಿಗೆ ಒಂದು ಕಾಲಂ, ಅಧಿಕಾರಿಗೆ ಒಂದು ಕಾಲಂ. ಆ ಹೊಲ ಎಂಥಾದ್ದು ಅನ್ನೋದಕ್ಕೆ ಜಾಗವೇ ಇಲ್ಲ.

ನಾನು ವೃತ್ತಿಯಿಂದ ಇಂಜಿನಿಯರ್. ಹಳಗನ್ನಡ ಕಲಿತದ್ದು ಶಾಸನ ಸಂಪುಟಗಳಿಂದಲೇ. ಅಳತೆ, ಎಲ್ಲೆ, ಇಳಿಜಾರು ಕಂಡರೆ ಕಣ್ಣು ಅಲ್ಲೇ ನಿಲ್ಲುವುದು ನಮ್ಮ ಕಸುಬಿನ ಗುಣ. ಹಾಗಾಗಿ ಬೇರೆಯವರು ದಾಟಿ ಹೋಗುವ ಆ ಸಾಲುಗಳೇ ನನಗೆ ಹೆಚ್ಚು ರುಚಿಸಿವೆ. ಅವುಗಳನ್ನು ವಿಜಯಪುರದ ಸುತ್ತಿನ ನೆಲದ ಮೇಲೆ ಇಟ್ಟು ನೋಡಿದಾಗ ಏನು ಕಾಣುತ್ತದೆ ಅನ್ನೋದೇ ಈ ಬರಹದ ವಿಷಯ.

ಮೊದಲು ಊರಿನದೇ ಶಾಸನ. ವಿಜಯಪುರದ ಅರ್ಕಿಲ್ಲೆಯಲ್ಲಿರುವ ಕಲ್ಯಾಣ ಚಾಳುಕ್ಯರ ಕಾಲದ ಕಂಬದ ಶಾಸನವನ್ನು ಫ್ಲೀಟ್ ಅವರು ಇಂಡಿಯನ್ ಆಂಟಿಕ್ವರಿಯಲ್ಲಿ ಪ್ರಕಟಿಸಿದರು. ಎರಡನೆಯ ಸೋಮೇಶ್ವರನ ಆಳ್ವಿಕೆ, ಶಕ 996, ಅಂದರೆ ಕ್ರಿ.ಶ. 1074. ದಂಡನಾಯಕ ನಾಕಿಮಯ್ಯ ಸ್ವಯಂಭೂ ಸಿದ್ಧೇಶ್ವರನ ಗುಡಿ ಕಟ್ಟಿಸಿ 300 ಮತ್ತರು ಭೂಮಿ ಬಿಟ್ಟ. ಗೋಳಗುಮ್ಮಟ ಏಳುವುದಕ್ಕೆ ಸುಮಾರು ಆರು ಶತಮಾನ ಮೊದಲಿನ ಮಾತು ಇದು. ಆಗ ಈ ಸೀಮೆ ತರ್ದವಾಡಿ ಸಾಸಿರ. ಚಾಳುಕ್ಯ ತೈಲಪ ಇನ್ನೂ ರಾಷ್ಟ್ರಕೂಟರ ಸಾಮಂತನಾಗಿದ್ದಾಗ ಇದೇ ತರ್ದವಾಡಿಯನ್ನು ಅಣುಗಜೀವಿತವಾಗಿ ಆಳುತ್ತಿದ್ದ ಎಂದು 965ರ ನರಸಲಗಿ ಶಾಸನ ಹೇಳುತ್ತದೆ. ಮುಂದೆ ಸಾಮ್ರಾಜ್ಯ ಕಟ್ಟಿದವನ ಕೈಯಲ್ಲಿ ಮೊದಲಿಗೆ ಇದ್ದದ್ದು ಈ ನೆಲ. ಅದು ಬರೀ ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಭೀಮಾ, ಕೃಷ್ಣೆ, ನಡುವೆ ಡೋಣಿ. ದಂಡಿನ ಕುದುರೆಗೂ ಆಳಿಗೂ ಕಾಳು ಕೊಡುವ ಸೀಮೆ ಇದು.

ಇನ್ನೊಂದು ಶಾಸನ ಇಂಡಿ ಕಡೆಯ ಸಾಲೋಟಗಿಯದು, 945ರದು, ಮುಮ್ಮಡಿ ಕೃಷ್ಣನ ಕಾಲದ್ದು. ಮಂತ್ರಿ ನಾರಾಯಣ ಕಟ್ಟಿಸಿದ ಶಾಲೆಯ ವಿಷಯ ಎಲ್ಲರೂ ಬಲ್ಲರು. ವಿದ್ಯಾರ್ಥಿಗಳಿಗೆ 27 ಮನೆಗಳಿದ್ದದ್ದು ಶಿಕ್ಷಣ ಚರಿತ್ರೆಯ ಪುಸ್ತಕಗಳಲ್ಲೆಲ್ಲ ಇದೆ. ನನ್ನ ಗಮನ ಸೆಳೆದದ್ದು ದೀಪಕ್ಕೆ ಬಿಟ್ಟ 12 ನಿವರ್ತನ ಮತ್ತು ಉಪಾಧ್ಯಾಯರಿಗೆ ಬಿಟ್ಟ 50 ನಿವರ್ತನ. ಯೋಚನೆ ಮಾಡಿ ನೋಡಿ: ದೀಪ ಉರಿಯಬೇಕು, ಒಂದು ವರ್ಷ ಅಲ್ಲ, ಚಂದ್ರಾರ್ಕರಿರುವ ತನಕ. ಅಂದಮೇಲೆ ಆ 12 ನಿವರ್ತನದ ಮಣ್ಣು ವರ್ಷಾ ವರ್ಷಾ ಎಣ್ಣೆಯ ಬೆಲೆಯಷ್ಟು ಬೆಳೆ ಕೊಡುತ್ತಲೇ ಇರಬೇಕು. ನಾವು ಸೇತುವೆಗೆ ಐವತ್ತೋ ನೂರೋ ವರ್ಷದ ಆಯುಸ್ಸು ಹಿಡಿದು ಲೆಕ್ಕ ಹಾಕುತ್ತೇವೆ. ದಾನಶಾಸನ ಬರೆಸಿದವನು ಮಣ್ಣಿಗೆ ಕೊನೆಯಿಲ್ಲದ ಆಯುಸ್ಸು ಹಿಡಿದಿದ್ದ. ಅಂಥ ಲೆಕ್ಕ ಹಾಕುವವನು ಯಾವ ಮಣ್ಣು ಅಂತ ನೋಡದೆ ಕೊಡುತ್ತಾನೆಯೆ?

ನೋಡಿಯೇ ಕೊಡುತ್ತಿದ್ದರು. ದಕ್ಷಿಣ ಭಾರತ ಶಾಸನ ಸಂಪುಟಗಳಲ್ಲಿ ಬಾಂಬೆ-ಕರ್ನಾಟಕದ ಭಾಗಗಳನ್ನು ತಿರುವಿ ಹಾಕಿದರೆ ಭೂಮಿ ಒಂದೇ ಜಾತಿಯದಾಗಿ ಎಲ್ಲೂ ಕಾಣುವುದಿಲ್ಲ. ಗೞ್ದೆ ಬೇರೆ, ಬೆದ್ದಲೆ ಬೇರೆ, ತೋಂಟ ಬೇರೆ. ಕೆಯ್ ಅಂದರೆ ಹೊಲ. ಅದರಲ್ಲೂ ಎರೆಯ ಕೆಯ್ ಅಂದರೆ ಕರಿ ಮಣ್ಣಿನದು, ಕಿಸುಕಾಡು ಅಂದರೆ ಕೆಂಪು ನೆಲದ್ದು. ‘ಕಿಸು’ ಎಂದರೆ ಕೆಂಪು. ಕಿಸುಗಣ್ಣು ಅನ್ನುತ್ತೇವಲ್ಲ, ಅದೇ. ಪಟ್ಟದಕಲ್ಲಿನ ಹಳೆಯ ಹೆಸರು ಕಿಸುವೊಳಲು, ಅದರ ಸುತ್ತಿನ ನಾಡು ಕಿಸುಕಾಡು ಎಪ್ಪತ್ತು. ಒಂದು ಆಡಳಿತ ವಿಭಾಗಕ್ಕೆ ಮಣ್ಣಿನ ಬಣ್ಣದ ಹೆಸರು! ಗದಗ, ಅಣ್ಣಿಗೇರಿ ಸೀಮೆಯ ಬೆಳ್ವೊಲ ಮುನ್ನೂರಕ್ಕೆ ‘ಬೆಳೆ ನಿಂತ ಹೊಲ’ ಎಂಬ ಅರ್ಥವನ್ನು ಫ್ಲೀಟ್ ಹೇಳಿದ್ದಾರೆ. (ಎರೆಹುಳದ ‘ಎರೆ’ಯೂ ಇದೇ ಎರೆಯೋ ಅನ್ನೋದನ್ನು ನಿಘಂಟಿನವರಿಗೆ ಬಿಡುತ್ತೇನೆ.)

ಮತ್ತರು ಎಂದರೆ ಎಷ್ಟು ಎಕರೆ ಎಂಬ ಚರ್ಚೆ ನೂರು ವರ್ಷದಿಂದ ನಡೆದಿದೆ. ಅಳತೆಯ ಗಳೆ ಊರಿಂದ ಊರಿಗೆ ಬದಲಾಗುತ್ತಿತ್ತು. ಹಾಗಾಗಿಯೇ ಎಷ್ಟೋ ಶಾಸನಗಳು ಯಾವ ಗಳೆಯಲ್ಲಿ ಅಳೆದದ್ದು ಎಂದು ಬಿಡಿಸಿ ಹೇಳುತ್ತವೆ. ಬಳ್ಳಿಗಾವೆಯ ಭೇರುಂಡ ಗಳೆ ಹೆಸರಾದದ್ದು. ಈ ಎಕರೆ ಲೆಕ್ಕದ ಜಗಳ ಮುಗಿದರೂ ಅರ್ಧ ಸಂಗತಿ ಮಾತ್ರ ಸಿಕ್ಕಂತೆ. ಉಳಿದ ಅರ್ಧ ಆ ಮತ್ತರಿನ ಹಿಂದೆ ನಿಂತ ಗುಣವಾಚಕದಲ್ಲಿದೆ, ಎರೆಯೋ ಕಿಸುವೋ ಎಂಬುದರಲ್ಲಿ.

ಯಾಕೆ ಅಂತ ತಿಳಿಯಬೇಕಾದರೆ ವಿಜಯಪುರದಿಂದ ಬಬಲೇಶ್ವರದ ರಸ್ತೆ ಹಿಡಿಯಬೇಕು. ಊರು ನಿಂತಿರುವುದು ಮಡ್ಡಿಯ ಮೇಲೆ. ಅಡಿಯಲ್ಲಿ ದಖ್ಖನ್ನಿನ ಕಪ್ಪುಕಲ್ಲು, ಮೇಲೆ ಗೇಣು-ಮೊಳದ ಮಣ್ಣು, ಎಷ್ಟೋ ಕಡೆ ಅದೂ ಇಲ್ಲ, ಬರೀ ಗರಸು. ಗುಮ್ಮಟದಂಥ ಭಾರ ಹೊರಲು ಇದಕ್ಕಿಂತ ಒಳ್ಳೆಯ ಪಾಯ ಸಿಗಲಾರದು. ಜೋಳ ಬೆಳೆಯಲು ಇದಕ್ಕಿಂತ ಬಡವಾದ ನೆಲವೂ ಸಿಗಲಾರದು. ಆದಿಲ್‌ಶಾಹಿಗಳು ಕಟ್ಟಡಕ್ಕೆ ಮಡ್ಡಿಯನ್ನು ಆರಿಸಿಕೊಂಡು, ಊಟಕ್ಕೆ ಡೋಣಿಯ ದಂಡೆಯನ್ನು ನಂಬಿದರು. ರಸ್ತೆ ಸಾರವಾಡದ ಕಡೆಗೆ ಇಳಿದಂತೆ ಮಣ್ಣಿನ ಬಣ್ಣ ಗಾಢವಾಗುತ್ತದೆ, ಕಲ್ಲು ಕಾಣೆಯಾಗುತ್ತದೆ, ಮರಗಳೂ ವಿರಳವಾಗುತ್ತವೆ. ಡೋಣಿ ಹೊಳೆ ಹತ್ತಿರ ಬರುವ ಹೊತ್ತಿಗೆ ಕಣ್ಣು ಹಾಯುವ ತನಕ ಎರಿ. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎಂಬ ಗಾದೆಗೆ ಊರಿಗೊಂದು ಪಾಠಾಂತರ ಇದೆ, ತಿರುಳು ಒಂದೇ.

ಆ ದಂಡೆಯಲ್ಲಿ ಒಬ್ಬ ಹಿರಿಯ ರೈತರನ್ನು ಹೊಲ ಎಷ್ಟು ಎಕರೆ ಅಂತ ಕೇಳಿದೆ. ‘ಎಕರೆ ಏನ್ ಕೇಳ್ತೀರಿ ಸಾಹೇಬ್ರ, ಎಷ್ಟ್ ಮೊಳ ಎರಿ ಐತಿ ಕೇಳ್ರಿ’ ಅಂದರು. ಮಣ್ಣಿನ ಬಗ್ಗೆ ನಾನು ಓದಿದ್ದೆಲ್ಲ ಆ ಒಂದು ಮಾತಿನ ವಿವರಣೆಯಂತೆ ಕಾಣುತ್ತದೆ.

ಇಲ್ಲಿನ ಕಪ್ಪುಕಲ್ಲು ಸವೆದು ಆದ ಜೇಡಿ, ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಡುತ್ತದೆ. ಮೇಲಿನ ಒಣಮಣ್ಣು ಆ ಬಿರುಕಿನೊಳಗೆ ಬೀಳುತ್ತದೆ, ಮಳೆ ಬಂದಾಗ ಒಳಗೆ ಉಬ್ಬಿ ಮತ್ತೆ ಮೇಲಕ್ಕೆ ತಳ್ಳುತ್ತದೆ. ಹೀಗೆ ಎರಿ ತನ್ನನ್ನು ತಾನೇ ನಿಧಾನವಾಗಿ ಕಲಸಿಕೊಳ್ಳುತ್ತಾ ಇರುತ್ತದೆ. ಒಂದು ಮೀಟರ್ ಆಳದ ಒಳ್ಳೆಯ ಎರಿ, ಬೆಳೆಗೆ ಸಿಗುವಂಥ ನೀರನ್ನು ಸುಮಾರು 150 ಮಿಲಿಮೀಟರ್‌ಗಿಂತ ಹೆಚ್ಚೇ ಹಿಡಿದಿಡುತ್ತದೆ. ಇಂಜಿನಿಯರನ ಲೆಕ್ಕಕ್ಕೆ ತಂದರೆ ಎಕರೆಗೆ ಆರು ಲಕ್ಷ ಲೀಟರ್. ಐದು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 120 ಟ್ಯಾಂಕರ್. ಬರದ ವರ್ಷ ತಿಕೋಟಾ ಕಡೆಯ ದ್ರಾಕ್ಷಿ ತೋಟಕ್ಕೆ ಟ್ಯಾಂಕರ್ ನೀರು ಹೊಡೆಸಿದವರಿಗೆ ಈ ಸಂಖ್ಯೆಯ ಬೆಲೆ ಗೊತ್ತು. ಮಡ್ಡಿಯ ಗೇಣು ಮಣ್ಣು ಇದರ ಐದನೇ ಒಂದು ಪಾಲನ್ನೂ ಹಿಡಿಯಲಾರದು.

ವಿಜಯಪುರದ ಮಳೆ ವರ್ಷಕ್ಕೆ ಸರಾಸರಿ 600 ಮಿಲಿಮೀಟರಿನ ಆಸುಪಾಸು. ಅದರಲ್ಲೂ ಜೋರು ಸೆಪ್ಟೆಂಬರಿನಲ್ಲಿ. ಆ ಹಸಿಯನ್ನು ನಂಬಿ ಹಿಂಗಾರಿ ಬಿಳಿಜೋಳ ಬಿತ್ತುತ್ತಾರೆ. ಆಮೇಲೆ ಮೂರು-ನಾಲ್ಕು ತಿಂಗಳು ಹನಿ ಬೀಳದಿದ್ದರೂ ಬೆಳೆ ನಿಲ್ಲುತ್ತದೆ, ಕೆಳಗಿನ ಎರಿಯಿಂದ ಕುಡಿಯುತ್ತಾ. ನಡುವೆ ಎಡೆ ಹೊಡೆಯುತ್ತಾರೆ. ಕಳೆಗಾಗಿ ಮಾತ್ರ ಅಲ್ಲ. ಬಿರುಕಿನ ಬಾಯಿ ಮುಚ್ಚಿ ಹಸಿ ಆರದಂತೆ ತಡೆಯಲಿಕ್ಕೆ. ಹಾಗಾದರೆ ಈ ಸೀಮೆಯಲ್ಲಿ ಮಣ್ಣಿನ ಆರೋಗ್ಯ ಅಂದರೆ ಮೊದಲಿಗೆ ಆಳ, ಆಮೇಲೆ ಉಳಿದದ್ದು. ಒಂದು ಎಕರೆ ಎರಿಯೂ ಒಂದು ಎಕರೆ ಮಡ್ಡಿಯೂ ಅಳತೆಯಲ್ಲಿ ಸಮ, ಕೊಡುವುದರಲ್ಲಿ ಅಜಗಜಾಂತರ. ‘ಎರೆಯ ಮತ್ತರು’ ಎಂದು ಕಲ್ಲಿನಲ್ಲಿ ಕೊರೆಸಿದವನು, ಉಳಿ ಹಿಡಿದವನಿಗೆ ಇನ್ನೆರಡು ಅಕ್ಷರದ ಕೆಲಸ ಕೊಟ್ಟದ್ದು ಇದಕ್ಕಾಗಿ.

ಎಲ್ಲೆಯ ವಿವರವನ್ನೂ ಹೀಗೆ ಓದಬಹುದು. ಮೂಡಲು ಮೊರಡಿ, ಪಡುವಲು ಹಳ್ಳ, ತೆಂಕಲು ಬಟ್ಟೆ, ಬಡಗಲು ನಟ್ಟ ಕಲ್ಲು ಎಂಬ ಧಾಟಿಯ ಸಾಲುಗಳು ಬಹಳ ಕಡೆ ಇವೆ. ಮೊರಡಿಯಿಂದ ಹಳ್ಳಕ್ಕೆ ಒಂದು ಗೆರೆ ಎಳೆಯಿರಿ. ಅದೇ ಇಳಿಜಾರು. ಈ ಸೀಮೆಯಲ್ಲಿ ಇಳಿಜಾರಿನ ಮೇಲ್ತುದಿಗೆ ತೆಳು ಮಣ್ಣು, ಕೆಳತುದಿಗೆ ಆಳದ ಎರಿ. ಮೇಲಿಂದ ಸಾವಿರಾರು ವರ್ಷ ತೊಳೆದು ಬಂದದ್ದು ಕೆಳಗೆ ಕೂತಿದೆ. ಅಂದರೆ ಎಲ್ಲೆಯ ನಾಲ್ಕು ಸಾಲಿನಲ್ಲಿ ಆ ಹೊಲದ ಮಣ್ಣಿನ ಒಂದು ಅಡ್ಡಕೊಯ್ತ ಸಿಗುತ್ತದೆ. ಹಳ್ಳವೂ ಮೊರಡಿಯೂ ಈಗಲೂ ಇದ್ದಲ್ಲೇ ಇರುವ ಊರುಗಳಲ್ಲಿ ದಾನದ ಹೊಲ ಯಾವ ಮಣ್ಣಿನದ್ದಿರಬೇಕು ಅನ್ನುವುದನ್ನು ಗುರುತು ಹಿಡಿಯಬಹುದು. ಪೀಠಿಕೆ, ಪ್ರಶಸ್ತಿಗಳಿಗಿಂತ ಈ ಸಾಲುಗಳಲ್ಲಿ ಸುಳ್ಳು ಕಡಿಮೆ ಅಂತ ನನ್ನ ಅಭಿಪ್ರಾಯ. ಅರಸನ ಪರಾಕ್ರಮವನ್ನು ಹಿಗ್ಗಿಸಬಹುದು, ಹಳ್ಳವನ್ನು ಪಕ್ಕಕ್ಕೆ ಸರಿಸಲು ಬರುವುದಿಲ್ಲ, ನೆರೆಹೊರೆಯವರು ಓದುತ್ತಾರಲ್ಲ!

ಮೊಳದ ಲೆಕ್ಕ ರೈತರ ಬಾಯಲ್ಲೇ ಉಳಿಯಲಿಲ್ಲ, ಸರ್ಕಾರದ ದಫ್ತರಕ್ಕೂ ಬಂತು. ಬಾಂಬೆ ಪ್ರಾಂತದ ಕಂದಾಯ ಸರ್ವೇ ನಡೆಸಿದ ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಮೂವರೂ 1847ರಲ್ಲಿ ಒಂದು ಜಂಟಿ ವರದಿ ಕೊಟ್ಟರು. ಹೊಲದ ದರ ನಿಗದಿ ಮಾಡುವ ಅವರ ವಿಧಾನ ನೋಡಿ. ಸರ್ವೇ ನಂಬರನ್ನು ಭಾಗಗಳಾಗಿ ಮಾಡಿ, ಪ್ರತಿ ಭಾಗದಲ್ಲೂ ಮಣ್ಣಿನ ಆಳ ಪರೀಕ್ಷಿಸಬೇಕು. ಮೊದಲ ದರ್ಜೆಯ ಮಣ್ಣು ಒಂದೂ ಮುಕ್ಕಾಲು ಮೊಳ ಆಳ ಇದ್ದರೆ 16 ಆಣೆ. ಅದೇ ಮಣ್ಣು ಒಂದೇ ಮೊಳ ಇದ್ದರೆ 10 ಆಣೆ. ಆಮೇಲೆ ದೋಷಗಳ ಪಟ್ಟಿ: ಸುಣ್ಣದ ಹರಳು ಬೆರೆತಿದೆಯೆ, ಮರಳಿದೆಯೆ, ಇಳಿಜಾರಿದೆಯೆ, ಹರಿವ ನೀರು ಕೊಚ್ಚುತ್ತದೆಯೆ, ನೀರು ನಿಂತು ಜೌಗಾಗುತ್ತದೆಯೆ. ಒಂದೊಂದು ದೋಷಕ್ಕೂ ನಕ್ಷೆಯಲ್ಲಿ ಒಂದೊಂದು ಗುರುತು. ಗುರುತು ಹೆಚ್ಚಾದಂತೆ ದರ್ಜೆ ಕೆಳಕ್ಕೆ. ಅವರ ಉದ್ದೇಶ ಕಂದಾಯ ವಸೂಲಿ, ಅದರಲ್ಲಿ ಅನುಮಾನವಿಲ್ಲ. ಸಾಮ್ರಾಜ್ಯಕ್ಕೆ ದುಡ್ಡು ಬೇಕಿತ್ತು. ಆದರೂ ಒಂದು ಹೊಲವನ್ನು ಇಷ್ಟು ಕಡೆ ಅಗೆದು ನೋಡಿದ ಸರ್ಕಾರ ಅದಕ್ಕೆ ಮುಂಚೆಯೂ ಆಮೇಲೂ ಅಪರೂಪ.

ಆ ಅಗೆತದ ಫಲ ಇವತ್ತಿಗೂ ನಿಮ್ಮ ಮನೆಯ ಕಪಾಟಿನಲ್ಲಿದೆ. ಪಹಣಿ ತೆಗೆದು ‘ಆಕಾರ’ ಅನ್ನುವ ಕಾಲಂ ನೋಡಿ. ಕೆಲವೇ ರೂಪಾಯಿ-ಪೈಸೆಯ ಆ ಮೊತ್ತವನ್ನು ಈಗ ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಆದರೆ ಒಂದೇ ಊರಿನ ಎರಡು ಸರ್ವೇ ನಂಬರುಗಳ ಆಕಾರವನ್ನು ಎಕರೆಯಿಂದ ಭಾಗಿಸಿ ಹೋಲಿಸಿ ನೋಡಿ. ಮಡ್ಡಿ ಯಾವುದು, ಎರಿ ಯಾವುದು ಅಂತ ಬಹುಪಾಲು ಹೊರಬೀಳುತ್ತದೆ. ಪರಿಷ್ಕರಣೆಗಳಲ್ಲಿ ದರ ಏರಿದೆ, ನೀರಿನ ಆಕಾರ ಸೇರಿದೆ, ಹಾಗಾಗಿ ಕಣ್ಣುಮುಚ್ಚಿ ನಂಬಬಾರದು. ಒಣಭೂಮಿಯಲ್ಲಿ ಮಾತ್ರ ಅದು ಹಳೆಯ ಮಣ್ಣಿನ ದರ್ಜೆಯ ನೆರಳು. ಪಕ್ಕದಲ್ಲೇ ‘ಮಣ್ಣಿನ ನಮೂನೆ’ ಅಂತ ಇನ್ನೊಂದು ಕಾಲಂ ಇದೆ. ಎರೆ, ಕಿಸು ಎಂದು ಕೆತ್ತಿದ ಶಾಸನದ ನೇರ ವಾರಸುದಾರ ಆ ಕಾಲಂ.

1876-78ರ ಬರ ಈ ಜಿಲ್ಲೆಯನ್ನು ಹಣ್ಣು ಮಾಡಿತು. ಆಳದ ಎರಿಗೂ ಮಳೆಯೇ ಬರದಿದ್ದರೆ ಕೊಡಲು ಏನೂ ಇರುವುದಿಲ್ಲ. ಆ ನಂತರದ ದಶಕಗಳಲ್ಲಿ ಒಣಬೇಸಾಯದ ಬಗ್ಗೆ ಸರ್ಕಾರಕ್ಕೂ ಕಾಳಜಿ ಹುಟ್ಟಿ, 1930ರ ದಶಕದಲ್ಲಿ ಸೊಲ್ಲಾಪುರ, ರಾಯಚೂರು, ಹಗರಿಗಳ ಜೊತೆಗೆ ಬಿಜಾಪುರದಲ್ಲೂ ಒಣಬೇಸಾಯ ಸಂಶೋಧನಾ ಕೇಂದ್ರ ಬಂತು. ಅವರು ಅಳೆದು ಹೇಳಿದ್ದರ ಸಾರ: ಒಡ್ಡು ಹಾಕಿ, ನೀರನ್ನೂ ಮಣ್ಣನ್ನೂ ಹೊಲದಲ್ಲೇ ನಿಲ್ಲಿಸಿ, ಬೀಜ ದೂರ ಬಿತ್ತಿ, ಹರಗಿ ಹಸಿ ಕಾಯಿರಿ. ಈಗಿನ ಹಿಟ್ಟಿನಹಳ್ಳಿಯ ಕೃಷಿ ಸಂಶೋಧನಾ ಕೇಂದ್ರದವರು ಚೌಕುಮಡಿ ಮಾಡಿ ಅಂತ ಹೇಳುವುದೂ ಅದೇ ದಾರಿಯ ಮುಂದುವರಿಕೆ.

ಈಗ 2015ರಿಂದ ಮಣ್ಣು ಆರೋಗ್ಯ ಕಾರ್ಡ್ ಇದೆ. ಒಳ್ಳೆಯ ಯೋಜನೆ, ಅದರ ಬಗ್ಗೆ ನನಗೆ ತಕರಾರಿಲ್ಲ. ರಸಸಾರ, ಲವಣಾಂಶ, ಸಾವಯವ ಇಂಗಾಲ, ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ, ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್, ಒಟ್ಟು 12 ಅಂಶ. ಸುಣ್ಣ ತುಂಬಿದ ಎರಿಯಲ್ಲಿ ಸತು, ಕಬ್ಬಿಣ ಮಣ್ಣಿನಲ್ಲಿದ್ದರೂ ಬೆಳೆಗೆ ಸಿಗುವುದಿಲ್ಲ; ಅದನ್ನು ಬಣ್ಣ ನೋಡಿ ಯಾವ ಶಾಸನಕಾರನೂ ಹೇಳಲಾರ. ಸಾವಯವ ಇಂಗಾಲ ನೂರಕ್ಕೆ ಅರ್ಧಕ್ಕಿಂತ ಕೆಳಗಿದ್ದರೆ ಕಡಿಮೆ ಅಂತ ಲೆಕ್ಕ. ಕಣಿಕೆ ದನಕ್ಕೆ, ಕುಳ್ಳು ಒಲೆಗೆ ಹೋದ ಸೀಮೆಯಲ್ಲಿ ಅದು ಏರುವುದು ಕಷ್ಟವೇ.

ಆದರೆ ಆ 12ರಲ್ಲಿ ಎರಡು ಸಂಗತಿ ಇಲ್ಲ. ಒಂದು, ಆಳ. ಮಾದರಿ ತೆಗೆಯುವುದು ಮೇಲಿನ ಅರ್ಧ ಅಡಿಯಿಂದ. ಮಳೆಯಾಶ್ರಿತ ಭೂಮಿಯಲ್ಲಿ 10 ಹೆಕ್ಟೇರಿಗೆ, ಅಂದರೆ ಸುಮಾರು 25 ಎಕರೆಗೆ ಒಂದು ಮಾದರಿ. ಮಡ್ಡಿಯಿಂದ ಡೋಣಿಗೆ ಇಳಿಯುವ ಇಳಿಜಾರಿನಲ್ಲಿ 25 ಎಕರೆಯೊಳಗೆ ಮಣ್ಣು ಎರಡು ಜಾತಿ ಬದಲಾಯಿಸಿರುತ್ತದೆ. ಎರಡನೆಯದು, ಸೋಡಿಯಂ. ಇದು ಮುಂದಿನ ಮಾತಿಗೆ ಬಹಳ ಮುಖ್ಯ.

ನೀರು ಬಂದಿದೆ. ತುಬಚಿ-ಬಬಲೇಶ್ವರ, ಮುಳವಾಡ ಏತ ನೀರಾವರಿಗಳಿಂದ ಕೃಷ್ಣೆಯ ನೀರು ಮೇಲೇರಿ ಬಬಲೇಶ್ವರ, ತಿಕೋಟಾ ಕಡೆಯ ಕೆರೆ, ಕಾಲುವೆಗಳಿಗೆ ಹರಿಯುತ್ತಿದೆ. ಮುಹಮ್ಮದ್ ಆದಿಲ್‌ಶಾಹ 17ನೇ ಶತಮಾನದಲ್ಲಿ ಕಟ್ಟಿಸಿದ ಮಮದಾಪುರದ ಕೆರೆ ತುಂಬಿದ್ದನ್ನು ನೋಡಿ ಕಣ್ಣು ತಂಪಾಗದವರು ಯಾರು? ತಲೆಮಾರುಗಳು ಕಾದ ನೀರಿದು. ಅದು ಬೇಡ ಎನ್ನುವ ಹಕ್ಕು ನಗರದಲ್ಲಿ ನಲ್ಲಿ ತಿರುಗಿಸುವ ನನಗಂತೂ ಇಲ್ಲ. ಆದರೆ ಎರಿಗೆ ನೀರು ಕೊಡುವುದೂ ಮಡ್ಡಿಗೆ ನೀರು ಕೊಡುವುದೂ ಒಂದೇ ಕೆಲಸ ಅಲ್ಲ. ಮಡ್ಡಿಯಲ್ಲಿ ಹೆಚ್ಚಾದ ನೀರು ಗರಸಿನೊಳಗೆ ಇಳಿದು ಹೋಗುತ್ತದೆ. ತಿಕೋಟಾದ ದ್ರಾಕ್ಷಿ ಅಂಥ ನೆಲದಲ್ಲೇ ಹಬ್ಬಿದ್ದು. ಎರಿಯಲ್ಲಿ ಇಳಿಯಲು ದಾರಿಯಿಲ್ಲ. ಕೆಳಗೆ ನಿಂತ ನೀರು ಬಿಸಿಲಿಗೆ ಮೇಲೇರಿ ಆರುವಾಗ ಉಪ್ಪನ್ನು ಮೇಲೆ ಬಿಟ್ಟು ಹೋಗುತ್ತದೆ. ಅದೇ ಸವಳು. ಉಪ್ಪಿನಲ್ಲಿ ಸೋಡಿಯಂ ಹೆಚ್ಚಾದರೆ ಜೇಡಿಯ ಕಣಗಳು ಬಿಡಿಬಿಡಿಯಾಗಿ ಮಣ್ಣಿನ ರಂಧ್ರ ಮುಚ್ಚುತ್ತವೆ, ಆಮೇಲೆ ಮಳೆನೀರೂ ಒಳಗೆ ಹೋಗುವುದಿಲ್ಲ. 120 ಟ್ಯಾಂಕರ್ ಹಿಡಿಯುತ್ತಿದ್ದ ಹೊಲ, ಆಳ ಅಷ್ಟೇ ಇದ್ದರೂ, ಬಾಯಿ ಹೊಲಿದ ಚೀಲದಂತಾಗುತ್ತದೆ. ಪಕ್ಕದ ಸಾಂಗ್ಲಿ, ಅಥಣಿ ಸೀಮೆಯ ಕಬ್ಬಿನ ಎರಿಯಲ್ಲಿ ಇದು ಆಗಿಯೇ ಹೋಗಿದೆ. ಡೋಣಿಯ ನೀರಿಗೆ ಮೊದಲೇ ಉಪ್ಪಿನ ಗುಣ ಇದೆ ಅನ್ನೋದು ಇಲ್ಲಿ ಎಲ್ಲರಿಗೂ ಗೊತ್ತು. ಅಂದರೆ ಈ ಕಣಿವೆಯಲ್ಲಿ ಉಪ್ಪು ಹೊರಗಿನಿಂದ ಬರಬೇಕಾಗಿಲ್ಲ.

ಇದಕ್ಕೆ ಮದ್ದಿಲ್ಲ ಅಂತಲ್ಲ. ಬಸಿಗಾಲುವೆ ತೆಗೆಯಬೇಕು, ಅಥವಾ ಮೀಟರ್ ಆಳದಲ್ಲಿ ತೂತಿನ ಕೊಳವೆ ಹೂತು ನೀರನ್ನು ಹಳ್ಳಕ್ಕೆ ಬಿಡಬೇಕು. ಸೋಡಿಯಂ ಹೆಚ್ಚಿದ್ದಲ್ಲಿ ಜಿಪ್ಸಂ ಹಾಕಬೇಕು, ಹಸಿರೆಲೆ ಗೊಬ್ಬರ ಕೊಡಬೇಕು. ಸವಳಾದ ಮೇಲೆ ಮಾಡುವುದಕ್ಕಿಂತ ಮೊದಲೇ ಮಾಡಿದರೆ ಖರ್ಚು ಕಡಿಮೆ. ಅದಕ್ಕೆ ಯಾವ ಸರ್ವೇ ನಂಬರಿನಲ್ಲಿ ಎಷ್ಟು ಆಳ ಎರಿ ಇದೆ, ಇಳಿಜಾರು ಯಾವ ಹಳ್ಳಕ್ಕೆ ಅಂತ ಗೊತ್ತಿರಬೇಕು. ಗಮನಿಸಿ: ಇದು ಎಲ್ಲೆಯ ಸಾಲುಗಳು ಕೊಡುವ ಮಾಹಿತಿಯೇ. ಅಂದಿನವರು ಹಳ್ಳವನ್ನು ಬರೆದದ್ದು ಎಲ್ಲೆಗಾಗಿ. ಇಂದು ಅದು ಬಸಿ ನೀರಿನ ದಾರಿ. ಒತ್ತುವರಿಯಾಗಿ, ಹೂಳು ತುಂಬಿ ಆ ಹಳ್ಳ ಮುಚ್ಚಿದ್ದರೆ ಕೊಳವೆಯ ನೀರು ಎಲ್ಲಿಗೆ ಬಿಡುವುದು?

ಇನ್ನೊಂದು ಮಾತು, ಹೊಲದಲ್ಲಿ ಶಾಸನ ಹುಡುಕುವವರಿಗೆ. ದಾನದ ಕಲ್ಲನ್ನು ನೆಡುವಾಗ ಕೆಳಭಾಗವನ್ನು ನಯಗೊಳಿಸುತ್ತಿರಲಿಲ್ಲ. ಅದು ಮಣ್ಣಿನಲ್ಲಿ ಹೂಳುವ ಭಾಗ, ಒರಟಾಗಿಯೇ ಬಿಡುತ್ತಿದ್ದರು. ನಯವಾದ ಮುಖ ಎಲ್ಲಿ ನಿಂತು ಒರಟು ಎಲ್ಲಿ ಶುರುವಾಗುತ್ತದೋ ಅದೇ, ಹೆಚ್ಚೂಕಡಿಮೆ, ನೆಟ್ಟ ದಿನದ ನೆಲಮಟ್ಟ. ಕಲ್ಲು ಕದಲದೆ ನಿಂತಿದ್ದು ಒರಟು ಭಾಗ ಹೊರಗೆ ಕಾಣುತ್ತಿದ್ದರೆ, ಅಷ್ಟು ಮಣ್ಣು ಕೊಚ್ಚಿ ಹೋಗಿದೆ ಎಂದು ಅರ್ಥ. ಕೊನೆಯ ಸಾಲುಗಳು ಮಣ್ಣಿನಲ್ಲಿ ಮುಳುಗಿದ್ದರೆ, ಅಷ್ಟು ಬಂದು ಸೇರಿದೆ. ಗುಡಿಯ ಮುಂದೆ ತಂದು ಮತ್ತೆ ನೆಟ್ಟ ಕಲ್ಲುಗಳಿಗೆ, ಸಿಮೆಂಟ್ ಕಟ್ಟೆಯಲ್ಲಿ ಕೂತ ಕಲ್ಲುಗಳಿಗೆ ಇದು ಹೊಂದುವುದಿಲ್ಲ, ಬದುವಿನಲ್ಲಿ ಒಂಟಿಯಾಗಿ ನಿಂತವಕ್ಕೆ ಮಾತ್ರ. ಮೊದಲ ಸಾಲಿನ ಫೋಟೋ ಎಲ್ಲರೂ ತೆಗೆಯುತ್ತಾರೆ. ಬುಡದ ಒಂದು ಫೋಟೋ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ. ಜೆಸಿಬಿ ಹಚ್ಚಿ ಹೊಲ ಸಮತಟ್ಟು ಮಾಡುವ ಕೆಲಸ ಈಗ ಜೋರಾಗಿ ನಡೆದಿದೆ. ಬದುವಿನ ಕಲ್ಲು ಎದ್ದ ದಿನ ಆ ಅಳತೆಯೂ ಹೋಗುತ್ತದೆ.

ಜೊತೆಗೆ ಹೊಲದವರನ್ನು ಆ ತುಂಡಿಗೆ ಏನು ಹೆಸರು ಅಂತ ಕೇಳಿ ಬರೆದುಕೊಳ್ಳಿ. ಎರಿ, ಮಡ್ಡಿ, ಮಸಾರಿ, ಸವಳು, ಏನು ಹೇಳಿದರೂ ಹಾಗೇ ಬರೆಯಿರಿ, ಶುದ್ಧ ಮಾಡಬೇಡಿ. ಎಷ್ಟು ಮೊಳ ಅಂತಲೂ ಕೇಳಿ. ನಾನು ನನ್ನ ಟಿಪ್ಪಣಿಗೆ ‘ನೆಲ’ ಅಂತ ಒಂದು ಕಾಲಂ ಸೇರಿಸಿಕೊಂಡಿದ್ದೇನೆ. ಅರಸ, ಶಕ, ದಾನಿ, ದೇವರು ಆದ ಮೇಲೆ, ಮತ್ತರಿನ ಪಕ್ಕದಲ್ಲಿ.